1.85 ಲಕ್ಷದ ಕಾರು ನನಗೆ 2.70 ಲಕ್ಷಕ್ಕೆ ಬಿತ್ತು – ಕಡಿಮೆ ರೇಟಿನ ಸೆಕೆಂಡ್ ಹ್ಯಾಂಡ್ ಕಾರು ನೋಡ್ತಿರೋರು ದಯವಿಟ್ಟು ಓದಿ

ತುಂಗಾತೀರ (ಶಿವಮೊಗ್ಗ)

ಎಲ್ರಿಗೂ ನಮಸ್ಕಾರ. ಇದನ್ನ ಬರೀಬೇಕು ಅಂತ ತುಂಬಾ ದಿನದಿಂದ ಅನ್ಕೊಂಡಿದ್ದೆ, ಆಗಿರ್ಲಿಲ್ಲ. ಮೊನ್ನೆ ನಮ್ಮ ಆಫೀಸಿನ ಹುಡುಗ ಒಬ್ಬ ಬಂದು ಸಾರ್ ಒಂದೂವರೆ ಲಕ್ಷಕ್ಕೆ ಒಂದು ಕಾರು ಸಿಕ್ಕಿದೆ ಅಂತ ಖುಷಿಯಾಗಿ ಹೇಳ್ದ, ಕೈಯಲ್ಲಿ ಎಷ್ಟಿದೆ ಅಂದ್ರೆ ಒಂದೂವರೆನೇ ಸಾರ್ ಅಂದ, ಕರುಳು ಚುರ್ ಅಂತು. ಹೋದ ವರ್ಷ ನಾನೂ ಹಿಂಗೇ ಇದ್ದೆ.

ದಾವಣಗೆರೆಲಿ ಒಬ್ಬ ಬ್ರೋಕರ್ ಕಡೆಯಿಂದ 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ತಗೊಂಡೆ. 1,85,000. ಮೀಟರಲ್ಲಿ 48,000 ಕಿ.ಮೀ. ಪಾಲಿಶ್ ಹೊಡೆದು ಹೊಸ ಸೀಟ್ ಕವರ್ ಹಾಕಿ ನಿಲ್ಸಿದ್ರು, ಮನೆಯವರೆಲ್ಲ ನೋಡಿ ಒಪ್ಕೊಂಡ್ರು, ಅಡ್ವಾನ್ಸ್ ಕೊಟ್ಟೇ ಬಂದ್ವಿ. ಅದೇ ವಾರ ಭದ್ರಾವತಿಲಿ ಇನ್ನೊಂದು ಕಾರು ನೋಡಿದ್ವಿ, ಒಬ್ರೇ ಓನರ್, ಸರ್ವಿಸ್ ಬುಕ್ ಪೂರ್ತಿ ಇತ್ತು, 2,60,000 ಕೇಳಿದ್ರು, ಜಾಸ್ತಿ ಆಯ್ತು ಅಂತ ಬಿಟ್ಟೆ. ಅದನ್ನ ಬಿಟ್ಟಿದ್ದು ಈಗಲೂ ಬೇಜಾರಿದೆ.

11 ತಿಂಗಳಲ್ಲಿ ಆದ ಖರ್ಚು ಡೈರಿಲಿ ಬರ್ಕೊಂಡಿದೀನಿ, ಅದನ್ನೇ ಹಾಕ್ತೀನಿ. ಆರ್‌ಸಿ (ಗಾಡಿ ನೋಂದಣಿ ಪತ್ರ) ಟ್ರಾನ್ಸ್‌ಫರ್ ಏಜೆಂಟ್ ಖರ್ಚು ಸೇರಿ 6,000. ಇನ್ಶೂರೆನ್ಸ್ ಮುಗಿದಿತ್ತು, ಹೊಸದು 9,200. ಟೈರ್ ನೋಡೋಕೆ ಗುಂಡಿ (ಮೇಲಿನ ಅಚ್ಚು) ಚೆನ್ನಾಗಿತ್ತು ಆದ್ರೆ ಸೈಡಲ್ಲೆಲ್ಲ ಬಿರುಕು, ನಾಲ್ಕೂ ಬದಲಾಯಿಸಿದೆ 16,400. ಬ್ಯಾಟರಿ 4,800. ಆಗುಂಬೆ ಘಾಟಿ ಹತ್ತೋವಾಗ ಕ್ಲಚ್ ಸುಟ್ಟ ವಾಸನೆ ಬಂದು ಗಾಡಿ ನಿಂತೇಹೋಯ್ತು, ಹಿಂದೆ ಬಸ್ಸು, ಮಗು ಅಳ್ತಿದೆ, ಆ ದಿನ ಮರೆಯಲ್ಲ, ಕ್ಲಚ್ ಸೆಟ್ಟು ಕೂಲಿ ಸೇರಿ 11,500. ಎಸಿ ಕಂಪ್ರೆಸರ್ರು ಕೂಲಿಂಗ್ ಕಾಯಿಲ್ಲು ಗ್ಯಾಸು 17,800. ಲೋವರ್ ಆರ್ಮು ಲಿಂಕ್ ರಾಡು ಮುಂದಿನ ಶಾಕಬ್ಸರ್ 13,600. ಹಳೇ ಓನರ್ ಬಾಕಿ ಬಿಟ್ಟಿದ್ದ ಟ್ರಾಫಿಕ್ ಫೈನು 5,500. ಎಮಿಷನ್ನು ನಂಬರ್ ಪ್ಲೇಟು ಅದೂ ಇದೂ 1,000. ಒಟ್ಟು 85,800. ಕಾರಿನ ದುಡ್ಡು ಸೇರಿಸಿದ್ರೆ 2,70,800, ಭದ್ರಾವತಿ ಕಾರಿಗಿಂತ ಜಾಸ್ತಿನೇ ಆಯ್ತು.

ಎಸಿ ರಿಪೇರಿಗೆ ಆಥರೈಸ್ಡ್ ಸರ್ವಿಸ್ ಸೆಂಟರ್‌ಗೆ ಹೋದಾಗ ಅಲ್ಲಿನ ಅಡ್ವೈಸರ್ ನಂಬರ್ ಹಾಕಿ ಹಳೇ ರೆಕಾರ್ಡ್ ತೆಗೆದ್ರು. 2019ರಲ್ಲೇ ಈ ಗಾಡಿ 1,12,000 ಕಿ.ಮೀ ಓಡಿತ್ತು. ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆ ಅಂತ ಅವತ್ತೇ ಗೊತ್ತಾಗಿದ್ದು. ಬ್ರೋಕರ್‌ಗೆ ಫೋನ್ ಮಾಡಿದ್ರೆ ನನಗೆ ಬಂದಿದ್ದೇ ಹಂಗೆ ಸಾರ್ ಅಂದ್ರು, ನನ್ನ ಕೈಲಿ ಬರವಣಿಗೆಲಿ ಏನೂ ಇರ್ಲಿಲ್ಲ.

ನಾನು ಹೇಳೋದು ಇಷ್ಟೇ, ಗಾಡಿ ರೇಟು ಎಷ್ಟು ಅಂತ ಕೇಳಿ ಸುಮ್ನಾಗ್ಬೇಡಿ, ಇದನ್ನ ನನ್ನ ಹೆಸರಿಗೆ ಮಾಡಿಸ್ಕೊಂಡು ಒಂದು ವರ್ಷ ನೆಮ್ಮದಿಯಾಗಿ ಓಡಿಸೋಕೆ ಎಷ್ಟಾಗುತ್ತೆ ಅಂತ ಕೂಡಿಸಿ ನೋಡಿ. ನಿಮ್ಮ ಅನುಭವನೂ ಹಾಕಿ, ಆ ಹುಡುಗನಿಗೆ ತೋರಿಸ್ಬೇಕು.

ಸಿಲ್ಕ್‌ಬೋರ್ಡ್ ನಿವಾಸಿ (ಬೆಂಗಳೂರು)

ನಿಮ್ಮದು ಲೋಕಲ್ ಗಾಡಿ ಆದ್ರಿಂದ ಇಷ್ಟರಲ್ಲೇ ಮುಗೀತು ಸರ್. ನಾನು ದೆಹಲಿ ಕಾರು ತಗೊಂಡು ಅನುಭವಿಸಿದೀನಿ. ಎನ್‌ಸಿಆರ್‌ನಲ್ಲಿ (ದೆಹಲಿ ಸುತ್ತಮುತ್ತ) ಡೀಸೆಲ್‌ಗೆ 10 ವರ್ಷ ಪೆಟ್ರೋಲ್‌ಗೆ 15 ವರ್ಷ ದಾಟಿದ್ರೆ ಓಡಿಸೋ ಹಾಗಿಲ್ಲ ಅಂತ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) 2014-15ರಲ್ಲಿ ಆದೇಶ ಮಾಡಿ 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನ ಎತ್ತಿಹಿಡಿದ ಮೇಲೆ ಅಲ್ಲಿ ವಯಸ್ಸಾದ ಡೀಸೆಲ್ ಗಾಡಿಗಳ ರೇಟು ಬಿದ್ದುಹೋಯ್ತು, ಅವೆಲ್ಲ ಲಾರಿ ಮೇಲೆ ದಕ್ಷಿಣಕ್ಕೆ ಬರ್ತವೆ. ಇಲ್ಲಿ ಅದೇ ಮಾಡೆಲ್‌ಗಿಂತ ಎರಡು ಲಕ್ಷ ಕಮ್ಮಿ ಅಂದ್ರು, ಎಸ್‌ಯುವಿ, ಸನ್‌ರೂಫ್ ಬೇರೆ, ತಗೊಂಡೆ.

ಆಮೇಲೆ ಶುರುವಾಯ್ತು. ಅಲ್ಲಿನ ಆರ್‌ಟಿಒ ಎನ್‌ಒಸಿ ಬೇಕು, ಗಾಡಿ ಕಳ್ಳತನದ್ದಲ್ಲ ಅಂತ ಪೊಲೀಸ್ ರೆಕಾರ್ಡ್ ಕ್ಲಿಯರೆನ್ಸ್ ಬೇಕು, ಅದಾದ ಮೇಲೆ ಇಲ್ಲಿ ಲೈಫ್ ಟೈಮ್ ಟ್ಯಾಕ್ಸ್ ಕಟ್ಬೇಕು. ತುಂಬಾ ಜನಕ್ಕೆ ಗೊತ್ತಿಲ್ದೇ ಇರೋದು ಏನಂದ್ರೆ ಆ ಟ್ಯಾಕ್ಸ್ ನೀವು ಕೊಟ್ಟ ಸೆಕೆಂಡ್ ಹ್ಯಾಂಡ್ ರೇಟಿನ ಮೇಲಲ್ಲ, ಗಾಡಿ ಹೊಸದಾಗಿದ್ದಾಗಿನ ಬೆಲೆ ಮೇಲೆ. ವಯಸ್ಸಿಗೆ ತಕ್ಕ ಹಾಗೆ ಕಮ್ಮಿ ಮಾಡ್ತಾರೆ ನಿಜ, ಆದ್ರೆ ನಮ್ಮಲ್ಲಿ ಹೊಸ ಕಾರಿಗೆ 13ರಿಂದ 18 ಪರ್ಸೆಂಟ್ ಮೇಲೆ ಸೆಸ್ಸು ಬೇರೆ ಇರೋದ್ರಿಂದ ಕಮ್ಮಿ ಆದ್ರೂ ನನಗೆ ಲಕ್ಷದ ಮೇಲೆ ಹೋಯ್ತು. ಅಲ್ಲಿ ಕಟ್ಟಿದ್ದ ಟ್ಯಾಕ್ಸ್ ವಾಪಸ್ ಬರುತ್ತೆ ಅಂದಿದ್ರು, ಅದು ಹಳೇ ಓನರ್ ಹೆಸರಲ್ಲಿ ಅರ್ಜಿ ಹಾಕಿ ಓಡಾಡೋ ಕೆಲಸ, ಅವರು ಫೋನೇ ಎತ್ತಲ್ಲ. ಬೇರೆ ರಾಜ್ಯದ ನಂಬರ್ ಇಟ್ಕೊಂಡೇ ಓಡಿಸ್ತೀನಿ ಅನ್ನೋರಿಗೆ, 12 ತಿಂಗಳ ಮೇಲೆ ಇಲ್ಲೇ ಇಟ್ಕೊಂಡ್ರೆ ಹೊಸ ನಂಬರ್ ಮಾಡಿಸಲೇಬೇಕು ಅಂತ ಮೋಟಾರು ವಾಹನ ಕಾಯ್ದೆಲೇ ಇದೆ.

ಕಡಲಬದಿ (ಉಡುಪಿ)

ನಮ್ಮ ಕಡೆ ಇನ್ನೊಂದು ಉಂಟು ಮಾರಾಯ್ರೆ, ತುಕ್ಕು. ಮಲ್ಪೆ, ಕಾಪು, ಪಡುಬಿದ್ರಿ, ಸಮುದ್ರ ಹತ್ರದ ಮನೆಯಲ್ಲಿ ಹತ್ತು ವರ್ಷ ನಿಂತ ಗಾಡಿ ಮೇಲಿಂದ ಚಂದ ಕಾಣ್ತದೆ, ಅಡಿಗೆ ಹೋಗಿ ನೋಡಿದ್ರೆ ಸೈಲೆನ್ಸರ್ ಪೈಪು, ಬಾಗಿಲ ಕೆಳಗಿನ ತಗಡು, ಶಾಕಬ್ಸರ್ ಕೂರುವ ಜಾಗ ಎಲ್ಲ ಹಪ್ಪಳ ಹಾಗೆ ಆಗಿರ್ತದೆ. ಮೇಲೆ ಕಪ್ಪು ಅಂಡರ್‌ಕೋಟಿಂಗ್ ಹೊಡೆದು ಕೊಡ್ತಾರೆ. ಹೊಸದಾಗಿ ಹೊಡೆದ ಕಪ್ಪು ಕಂಡ್ರೆ ಖುಷಿ ಪಡುದಲ್ಲ, ಯಾಕೆ ಹೊಡೆದದ್ದು ಅಂತ ಕೇಳ್ಬೇಕು. ಸ್ಕ್ರೂಡ್ರೈವರ್ ಹಿಡಿಯಲ್ಲಿ ಮೆಲ್ಲ ಕುಟ್ಟಿ, ಗಟ್ಟಿ ತಗಡು ಟಣ್ ಅಂತದೆ. ಇಂಜಿನ್ ಹೋದ್ರೆ ರಿಪೇರಿ ಮಾಡ್ಬಹುದು, ಬಾಡಿಗೆ ತುಕ್ಕು ಹಿಡಿದ್ರೆ ಪ್ರತಿ ಮಳೆಗಾಲಕ್ಕೂ ಟಿಂಕರಿಂಗ್ ಖರ್ಚು ಬರ್ತಾನೇ ಇರ್ತದೆ.

ನಂಜನಗೂಡು ರೋಡ್ ಗ್ಯಾರೇಜ್ (ಮೈಸೂರು)

22 ವರ್ಷದಿಂದ ಗ್ಯಾರೇಜ್ ನಡೆಸ್ತಿದೀನಿ, ಶಿವಮೊಗ್ಗದ ಸರ್ ಬರ್ದಿರೋದು ಅಕ್ಷರ ಅಕ್ಷರ ನಿಜ. ತಿಂಗಳಿಗೆ ಇಬ್ರಾದ್ರೂ ಕಾರು ತಗೊಂಡ್ ಮೇಲೆ ನನ್ ಹತ್ರ ತಂದು ಅಣ್ಣ ಹೆಂಗಿದೆ ನೋಡಿ ಅಂತಾರೆ. ದುಡ್ಡು ಕೊಡೋ ಮುಂಚೆ ಕರ್ಕೊಂಡ್ ಹೋಗ್ರಪ್ಪಾ ಯಾರನ್ನಾದ್ರೂ. ಐನೂರೋ ಸಾವಿರವೋ ಕೊಟ್ರೆ ಗೊತ್ತಿರೋ ಮೆಕ್ಯಾನಿಕ್ ಅರ್ಧ ದಿನ ಬರ್ತಾನೆ.

ನಾನು ಹೋದ್ರೆ ಮೊದಲು ಬಾನೆಟ್ ಮೇಲೆ ಕೈ ಇಟ್ ನೋಡ್ತೀನಿ. ನಾವ್ ಬರೋ ಮುಂಚೇನೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ರೆ ಏನೋ ಮುಚ್ಚಿಡ್ತಿದ್ದಾರೆ ಅಂತ ಲೆಕ್ಕ, ತಣ್ಣಗಿರೋ ಇಂಜಿನ್ನೇ ನಿಜ ಹೇಳೋದು. ಸ್ಟಾರ್ಟ್ ಆದ ತಕ್ಷಣ ಸೈಲೆನ್ಸರಲ್ಲಿ ನೀಲಿ ಹೊಗೆ ಬಂದ್ರೆ ಆಯಿಲ್ ಕುಡೀತಿದೆ, ಬಿಸಿ ಆದ್ಮೇಲೂ ಬಿಳಿ ಹೊಗೆ ನಿಲ್ಲಿಲ್ಲ ಅಂದ್ರೆ ಕೂಲಂಟ್ (ಇಂಜಿನ್ ತಣ್ಣಗಿಡೋ ನೀರು) ಒಳಗೆ ಹೋಗ್ತಿದೆ, ಹೆಡ್ ಗ್ಯಾಸ್ಕೆಟ್ (ಇಂಜಿನ್ ತಲೆ ಕೆಳಗಿನ ಸೀಲು) ಕೆಲಸ. ಆಯಿಲ್ ಕ್ಯಾಪ್ ತೆಗೆದು ಒಳಗೆ ಮಜ್ಜಿಗೆ ತರ ಗಟ್ಟಿಯಾಗಿ ಅಂಟಿದ್ರೂ ನೀರು ಸೇರಿರೋ ಅನುಮಾನ.

ಮೀಟರ್ ನಂಬಬೇಡಿ, ಪೆಡಲ್ ರಬ್ಬರ್ ನೋಡಿ, ಸ್ಟೀರಿಂಗು ಗೇರ್ ನಾಬು ನೋಡಿ. 40 ಸಾವಿರ ಓಡಿರೋ ಗಾಡಿಗೆ ಕ್ಲಚ್ ಪೆಡಲ್ ರಬ್ಬರ್ ಸವೆದು ಕಬ್ಬಿಣ ಕಾಣಲ್ಲ. ಟೈರ್ ಮೇಲೆ ಕೊನೇಲಿ ನಾಲ್ಕು ಅಂಕಿ ಇರುತ್ತೆ, 2318 ಅಂದ್ರೆ 2018ರ 23ನೇ ವಾರ ಆಗಿದ್ದು. ಐದಾರು ವರ್ಷ ದಾಟಿದ್ರೆ ಗುಂಡಿ ಎಷ್ಟೇ ಇದ್ರೂ ರಬ್ಬರ್ ಗಟ್ಟಿಯಾಗಿರುತ್ತೆ, ಮಳೇಲಿ ಬ್ರೇಕ್ ಹಿಡಿಯಲ್ಲ, ಟೈರ್ ದುಡ್ಡು ರೇಟಲ್ಲಿ ಕಳೀರಿ. ಬಾನೆಟ್ಟು ಫೆಂಡರ್ ಬೋಲ್ಟ್ ಮೇಲೆ ಸ್ಪ್ಯಾನರ್ ಗುರುತಿದ್ರೆ ಬಿಚ್ಚಿದ್ದಾರೆ, ಯಾಕೆ ಅಂತ ಕೇಳಿ. ಬಾಗಿಲ ರಬ್ಬರ್ ಎಳೆದು ಒಳಗಿನ ವೆಲ್ಡಿಂಗ್ ಚುಕ್ಕೆ ಎರಡೂ ಕಡೆ ಒಂದೇ ತರ ಇದೆಯಾ ನೋಡಿ.

ಇಂಜಿನ್ ಒಳಗೆ ವಾಲ್ವ್‌ಗಳನ್ನ ಸರಿಯಾದ ಟೈಮಿಗೆ ಆಡಿಸೋಕೆ ಟೈಮಿಂಗ್ ಬೆಲ್ಟ್ ಇದೆಯಾ ಚೈನ್ ಇದೆಯಾ ಕೇಳ್ಕೊಳಿ. ಹಳೇ ಸ್ಯಾಂಟ್ರೋದಲ್ಲಿ ಬೆಲ್ಟು, ಡಸ್ಟರ್ ಡೀಸೆಲ್ಲಲ್ಲಿ ಬೆಲ್ಟು. ಯಾವಾಗ ಬದಲಾಯ್ಸಿದ್ದು ಅಂತ ಬಿಲ್ ಇಲ್ಲ ಅಂದ್ರೆ ಬದಲಾಯ್ಸಿಲ್ಲ ಅಂತಾನೇ ಲೆಕ್ಕ, ತಗೊಂಡ ವಾರದಲ್ಲೇ ಹಾಕಿಸಿ. ಓಡೋವಾಗ ಕಿತ್ಹೋದ್ರೆ ವಾಲ್ವ್ ಬಗ್ಗಿ ಇಂಜಿನ್ ಬಿಚ್ಚೋ ಪರಿಸ್ಥಿತಿ ಬರುತ್ತೆ, ಆರು ಸಾವಿರದ ಕೆಲಸ ನಲವತ್ತಕ್ಕೆ ಹೋಗುತ್ತೆ. ಈಗ ಬಂಕಲ್ಲಿ ಸಿಗೋದು ಬಹುತೇಕ 20 ಪರ್ಸೆಂಟ್ ಎಥೆನಾಲ್ ಪೆಟ್ರೋಲು, ಹಳೇ ಗಾಡಿ ಅದಕ್ಕೆ ಅಂತ ಮಾಡಿರೋದಲ್ಲ, ಫ್ಯೂಯೆಲ್ ಪೈಪು ರಬ್ಬರ್ ಸೀಲು ಒಂದ್ಸಲ ಪೂರ್ತಿ ಚೆಕ್ ಮಾಡ್ಸಿ, ಮೈಲೇಜೂ ಸ್ವಲ್ಪ ಇಳಿಯುತ್ತೆ.

ವರದಾ ದಂಡಿ (ಬ್ಯಾಡಗಿ)

ನಂದೊಂದು ಪ್ರಶ್ನೆ ಐತ್ರಿ. ನಾ ಸಾಲಿ ಟೀಚರ್. ನಮ್ಮ ಅಪ್ಪಾರ್ನ ವಾರಕ್ಕ ಎರಡ ಸಲ ಹಾವೇರಿಗೆ ಡಯಾಲಿಸಿಸ್‌ಗೆ ಕರ್ಕೊಂಡ ಹೋಗ್ಬೇಕು, ಪ್ರತಿ ಸಲ ಬಾಡಗಿ ಗಾಡಿಗೆ 900 ಕೊಡಾಕತ್ತೀನಿ, ಬಸ್ಸಿನ್ಯಾಗ ಬರೂಮುಂದ ಅವ್ರಿಗೆ ತಲಿ ತಿರುಗತೈತಿ. ನನ್ ಕಡೆ ಒಟ್ಟ 1,60,000 ಐತಿ, ಅದರಾಗ ಎಲ್ಲಾ ಮುಗೀಬೇಕ್ರಿ. ರಾಣೆಬೆನ್ನೂರಾಗ ಒಂದ ಸ್ಯಾಂಟ್ರೋ ನೋಡೀನಿ, ಮಾರ್ಚ್ 2011ರ ರಿಜಿಸ್ಟ್ರೇಷನ್, 58,000 ಕಿ.ಮೀ ಅಂತ ತೋರಸ್ತೈತಿ, 1,40,000 ಹೇಳ್ಯಾರ. ಇನ್ಶೂರೆನ್ಸ್ ಇಲ್ಲ ಅಂದ್ರು. ತಗೋಬಹುದೇನ್ರಿ?

ಪಾಲಿಸಿ ಪುಸ್ತಕ (ಹುಬ್ಬಳ್ಳಿ)

ಟೀಚರಮ್ಮಾರ ಸ್ವಲ್ಪ ತಡೀರಿ, ಅಡ್ವಾನ್ಸ್ ಕೊಡಬ್ಯಾಡ್ರಿ. ಮಾರ್ಚ್ 2011 ಅಂದ್ರ ಮಾರ್ಚ್ 2026ಕ್ಕ 15 ವರ್ಷ ತುಂಬತಾವು, ಈಗ ನವೆಂಬರ್ 2025, ಅಂದ್ರ ಇನ್ನ ನಾಕ ತಿಂಗಳಿಗೆ ಆರ್‌ಸಿ ಮುಗೀತೈತಿ. ಮಾರಾವ್ರು ಈಗ ಮಾರಾಕ ಹೊಂಟಿದ್ದ ಯಾಕ ಅಂತ ಇದ್ರಾಗ ಗೊತ್ತಾಗ್ತೈತಿ. ರಿನ್ಯೂವಲ್ ಫೀ ಮೊದ್ಲ ಕಾರಿಗೆ 600 ಇತ್ತು, ಏಪ್ರಿಲ್ 2022ರಿಂದ 5,000 ಮಾಡ್ಯಾರ. ಮ್ಯಾಲ ಗ್ರೀನ್ ಟ್ಯಾಕ್ಸ್ (ಹಳೇ ಗಾಡಿಗೆ ಹಾಕೂ ಪರಿಸರ ತೆರಿಗಿ). ಗಾಡಿ ಒಯ್ದು ಇನ್ಸ್‌ಪೆಕ್ಟರ್‌ಗೆ ತೋರಸ್ಬೇಕು, ಲೈಟು ಬ್ರೇಕು ಬಾಡಿ ಸರಿ ಇರ್ಬೇಕು, ಪಾಸ್ ಆದ್ರ ಐದ ವರ್ಷಕ್ಕ ಕೊಡ್ತಾರ. ತಡಾ ಮಾಡಿದ್ರ ತಿಂಗಳಿಗೆ 500 ದಂಡ. 60 ದಿವಸ ಮುಂಚೇನ ಅರ್ಜಿ ಹಾಕಬಹುದು.

ಇನ್ಶೂರೆನ್ಸ್ ನನ್ನ ಕಸುಬ, ಅದಕ್ಕ ಸ್ವಲ್ಪ ಉದ್ದ ಬರೀತೀನಿ. 1000ದಿಂದ 1500 ಸಿಸಿ ಕಾರಿಗೆ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬ್ಯಾರೆಯವ್ರಿಗೆ ಆಗೂ ಹಾನಿಗೆ) ಒಂದ 3,416 ರೂಪಾಯಿ, 1000 ಸಿಸಿ ಒಳಗಿನದ್ದಕ್ಕ 2,094, ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ. ಇದು ಯಾವ ಕಂಪನಿಗೆ ಹೋದ್ರೂ ಅಷ್ಟ. ಓನ್ ಡ್ಯಾಮೇಜ್ (ನಮ್ಮ ಗಾಡಿಗೆ ಆಗೂ ಹಾನಿಗೆ) ಬ್ಯಾರೆ. ಎಲ್ಲಾರೂ ಮೋಸ ಹೋಗೂದು ಇಲ್ಲಿ: ಮಾರಾವ ಹೇಳ್ತಾನ, ಇನ್ಶೂರೆನ್ಸ್ ಇನ್ನ ಎಂಟ ತಿಂಗಳ ಐತಿ, 50 ಪರ್ಸೆಂಟ್ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದವ್ರಿಗೆ ಕೊಡೂ ರಿಯಾಯಿತಿ) ಐತಿ ಅಂತ. ಆ ಬೋನಸ್ ಮನಷ್ಯಾಗ ಸೇರಿದ್ದು, ಗಾಡಿಗೆ ಅಲ್ಲ, ನಿಮ್ಗ ಬರೂದಿಲ್ಲ. ಮತ್ತ ಗಾಡಿ ಕೈ ಬದಲಾದ 14 ದಿವಸದೊಳಗ ಪಾಲಿಸಿ ನಿಮ್ಮ ಹೆಸರಿಗೆ ಮಾಡಸ್ಲಿಲ್ಲ ಅಂದ್ರ ನಿಮ್ಮ ಗಾಡಿಗೆ ಪೆಟ್ಟಾದ್ರ ಕ್ಲೇಮ್ ಸಿಗೂದಿಲ್ಲ. ನನ್ನ ಕಣ್ಣಮುಂದ ಒಂದ ಕುಟುಂಬ ಎರಡೂಮುಕ್ಕಾಲು ಲಕ್ಷ ಕಳ್ಕೊಂಡತಿ, ಪಾಲಿಸಿ ಚಾಲೂ ಇತ್ತು, ಹೆಸರ ಹಳೇ ಓನರ್ದು.

ಗಾಡಿ ಮಾರಿದವ್ರಿಗೂ ಇದ ಮಾತ. ಹೆಸರ ಬದಲಿ ಮಾಡೂ ಫಾರ್ಮ್ 29, 30ಕ್ಕ ಸಹಿ ಮಾಡಿ ಬ್ರೋಕರ್ ಕೈಯಾಗ ಕೊಟ್ಟು ಮರ್ತಬಿಡ್ತಾರ. ಆರ್‌ಸಿ ಒಳಗ ಯಾರ ಹೆಸರ ಐತ್ಯೋ ಅವ್ರ ಹೊಣಿ ಅಂತ ಸುಪ್ರೀಂ ಕೋರ್ಟ್ 2018ರಾಗ ಹೇಳೇತಿ, ಗಾಡಿ ನಾಕ ಕೈ ಬದಲಾಗಿದ್ರೂ ಅಷ್ಟ. ಏಪ್ರಿಲ್ 2023ರಿಂದ ಹಳೇ ಗಾಡಿ ಡೀಲರ್‌ಗಳು ಆರ್‌ಟಿಒದಿಂದ ಪರವಾನಗಿ ತಗೋಬೇಕು, ಗಾಡಿ ಅವ್ರಿಗೆ ಕೊಟ್ಟದ್ದನ್ನ ಫಾರ್ಮ್ 29ಸಿ ಒಳಗ ತಿಳಸ್ಬೇಕು. ಡೀಲರ್ ಕಡೆ ಆ ಪರವಾನಗಿ ಐತೇನು ಅಂತ ಕೇಳ್ರಿ.

ಮಣ್ಣಿನ ರಸ್ತೆ (ತಿಪಟೂರು)

ಎಲ್ರೂ ಹೆದರಿಸ್ತಿದೀರಾ ಅನ್ನಿಸ್ತು. ನಾನು 2018ರಲ್ಲಿ 90 ಸಾವಿರಕ್ಕೆ ಹಳೇ ಆಲ್ಟೋ ತಗೊಂಡು ನಾಲ್ಕು ವರ್ಷ ಓಡಿಸಿದೀನಿ, ತೋಟಕ್ಕೆ, ಸಂತೆಗೆ, ಅಮ್ಮನ ಆಸ್ಪತ್ರೆಗೆ, ದೊಡ್ಡ ಖರ್ಚು ಅಂತ ಬಂದಿದ್ದು ಒಂದೇ ಸಲ. ಹೊಸ ಕಾರು ಶೋರೂಮಿಂದ ಆಚೆ ಬಂದ್ರೆ ಸಾಕು ರೇಟು ಇಳಿಯುತ್ತೆ, ಮೇಲೆ ಏಳು ವರ್ಷ ಇಎಂಐ, ಅದೂ ಖರ್ಚೇ ಅಲ್ವಾ. ಬಡವರಿಗೂ ಮಳೇಲಿ ನೆನೀದೆ ಮಗೂನ ಆಸ್ಪತ್ರೆಗೆ ಕರ್ಕೊಂಡು ಹೋಗೋ ಆಸೆ ಇರುತ್ತೆ.

ತುಂಗಾತೀರ

ಸರ್ ನಿಮ್ಮ ಮಾತು ಒಪ್ತೀನಿ. ತಗೋಬೇಡಿ ಅಂತ ನಾನು ಹೇಳ್ತಿಲ್ಲ, ನಾನೂ ಅದನ್ನೇ ಓಡಿಸ್ತಿದೀನಿ, ಈಗ ಚೆನ್ನಾಗೇ ಇದೆ. ನಿಮ್ಮ ಆಲ್ಟೋ ಯಾರ ಹತ್ರ ತಗೊಂಡಿದ್ರಿ?

ಮಣ್ಣಿನ ರಸ್ತೆ

ನಮ್ಮ ಊರಿನ ಪೋಸ್ಟ್ ಮಾಸ್ಟರ್ ಹತ್ರ. ಅವರು ಅದನ್ನ ತೊಳೆಯೋದನ್ನ ದಿನಾ ನೋಡ್ತಿದ್ದೆ. ಹೌದು, ಅದೇ ವ್ಯತ್ಯಾಸ ಇರ್ಬೇಕು, ಗಾಡಿ ಹೆಂಗೆ ಬದುಕಿತ್ತು ಅಂತ ನನಗೆ ಗೊತ್ತಿತ್ತು.

ಸಿಲ್ಕ್‌ಬೋರ್ಡ್ ನಿವಾಸಿ

ಬೆಂಗಳೂರಲ್ಲಿ ನೋಡೋರಿಗೆ ಇನ್ನೆರಡು ಮಾತು. 2022ರ ಸೆಪ್ಟೆಂಬರ್ ಮಳೆಗೆ ಔಟರ್ ರಿಂಗ್ ರೋಡ್, ಸರ್ಜಾಪುರ ರೋಡ್ ಕಡೆ ಬೇಸ್‌ಮೆಂಟ್‌ಗಳಲ್ಲಿ ಎಷ್ಟೋ ಕಾರು ಮುಳುಗಿದ್ವು. ಹಂಗೆ ಮುಳುಗಿದ ಗಾಡಿಗಳು ಇನ್ಶೂರೆನ್ಸ್ ಹರಾಜಲ್ಲಿ ಹೋಗಿ, ಒಣಗಿಸಿ, ಮತ್ತೆ ಮಾರಾಟಕ್ಕೆ ಬರ್ತವೆ. ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೀರಿ, ಕೊನೇವರೆಗೂ, ಅಲ್ಲಿ ಕೆಸರಿನ ಗೆರೆ ಇರುತ್ತೆ, ಅದನ್ನ ಯಾರೂ ತೊಳೆದಿರಲ್ಲ. ಸೀಟಿನ ಕೆಳಗಿನ ಹಳಿ, ಡಿಕ್ಕಿಯ ಸ್ಟೆಪ್ನಿ ಗುಂಡಿ, ಕಾರ್ಪೆಟ್ ಅಡಿ ನೋಡಿ. ಒಳಗೆ ಗಾಢವಾದ ಪರ್ಫ್ಯೂಮ್ ವಾಸನೆ ಬಂದ್ರೆ ಎಸಿ ಆಫ್ ಮಾಡಿ ಕಿಟಕಿ ಹಾಕ್ಕೊಂಡು ಹತ್ತು ನಿಮಿಷ ಕೂತ್ಕೊಳಿ, ಮುಗ್ಗಲು ವಾಸನೆ ತಾನಾಗೇ ಬರುತ್ತೆ. ಮುಳುಗಿದ ಗಾಡಿ ಮೊದಲ ದಿನ ಚೆನ್ನಾಗೇ ಓಡುತ್ತೆ, ಆರು ತಿಂಗಳಾದ ಮೇಲೆ ವೈರಿಂಗ್ ಕಾಟ ಶುರು, ಎಲ್ಲಿ ಕೆಟ್ಟಿದೆ ಅಂತ ಎಲೆಕ್ಟ್ರಿಷಿಯನ್‌ಗೂ ಸಿಗಲ್ಲ.

ಫೈನ್ ಬಾಕಿ ಪರಿವಾಹನ್ ಇ-ಚಲನ್ ವೆಬ್‌ಸೈಟಲ್ಲಿ ನೋಡಿ, ಬೆಂಗಳೂರು ಗಾಡಿ ಆದ್ರೆ ಟ್ರಾಫಿಕ್ ಪೊಲೀಸರ ಆ್ಯಪಲ್ಲೂ ನೋಡಿ. 2023ರ ಫೆಬ್ರವರಿಲಿ ಒಂದ್ಸಲ 2025ರ ಆಗಸ್ಟ್ ಕೊನೇಲಿ ಒಂದ್ಸಲ ಅರ್ಧ ರೇಟಿಗೆ ಕಟ್ಟಿ ಅಂತ ರಿಯಾಯಿತಿ ಕೊಟ್ಟಿದ್ರು, ಅವಾಗಲೂ ಕಟ್ಟದೆ ಗಾಡಿ ಮಾರೋರ ಫೈನು ನಿಮ್ಮ ತಲೆ ಮೇಲೆ ಬರುತ್ತೆ.

ನಂಜನಗೂಡು ರೋಡ್ ಗ್ಯಾರೇಜ್

ಏರ್‌ಬ್ಯಾಗ್ ವಿಷಯ ಮರೆತಿದ್ದೆ. ಟಕಾಟಾ ಅನ್ನೋ ಕಂಪನಿಯ ದೋಷ ಇದ್ದ ಏರ್‌ಬ್ಯಾಗ್‌ಗಳಿಗೆ ದೊಡ್ಡ ರೀಕಾಲ್ (ಗಾಡಿ ವಾಪಸ್ ಕರೆಸಿ ಸರಿ ಮಾಡೋದು) ಆಗಿತ್ತು, ಕಾರು ಕಂಪನಿ ವೆಬ್‌ಸೈಟಲ್ಲಿ ಚಾಸಿಸ್ ನಂಬರ್ ಹಾಕಿದ್ರೆ ನಿಮ್ಮ ಗಾಡಿ ಇದೆಯಾ ಇಲ್ವಾ ಗೊತ್ತಾಗುತ್ತೆ, ಫ್ರೀಯಾಗಿ ಬದಲಾಯ್ಸಿ ಕೊಡ್ತಾರೆ. ದುಡ್ಡಿನ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆ.

ಬ್ಯಾಡಗಿ ಅಕ್ಕಾವ್ರೇ, ನಿಮ್ಮ ಲೆಕ್ಕ ಹಾಕೋಣ. 1,40,000 ಗಾಡಿ. ಟ್ರಾನ್ಸ್‌ಫರ್ 5,000 ಅಂತ ಇಟ್ಕೊಳಿ, ರಿನ್ಯೂವಲ್ ಫೀ 5,000, ಇನ್ಶೂರೆನ್ಸ್ ಥರ್ಡ್ ಪಾರ್ಟಿ ಮಾತ್ರ ಅಂದ್ರೂ ಐದರ ಹತ್ರ, ಟೈರ್ ಹಳೇದಾಗಿದ್ರೆ 15,000, ಟೈಮಿಂಗ್ ಬೆಲ್ಟ್ 6,000. 1,76,000 ಆಯ್ತು, ಗ್ರೀನ್ ಟ್ಯಾಕ್ಸ್ ಸೇರ್ಸಿಲ್ಲ, ಬ್ಯಾಟರಿ ಬ್ರೇಕು ಏನೂ ನೋಡಿಲ್ಲ. ನಿಮ್ಮ 1,60,000 ಅಲ್ಲಿಗೇ ದಾಟ್ತು. ಆ ಗಾಡಿ ತಗೊಳ್ಳೋದಾದ್ರೆ 1,10,000ದ ಮೇಲೆ ಹೋಗ್ಬೇಡಿ, ಇಲ್ಲ ಅಂದ್ರೆ ರಿನ್ಯೂವಲ್ ಅವರೇ ಮಾಡಿಸಿ ಕೊಡ್ಲಿ. ಡಯಾಲಿಸಿಸ್ ಪೇಷೆಂಟ್ ಕೂರೋ ಗಾಡಿ ದಾರೀಲಿ ನಿಲ್ಬಾರ್ದು. ರಾಣೆಬೆನ್ನೂರಲ್ಲಿ ನನ್ ಹತ್ರ ಕೆಲಸ ಕಲ್ತ ಹುಡುಗ ಒಬ್ಬ ಗ್ಯಾರೇಜ್ ಇಟ್ಟಿದಾನೆ, ಮೆಸೇಜ್ ಮಾಡಿ ನಂಬರ್ ಕೊಡ್ತೀನಿ, ನಿಮ್ ಜೊತೆ ಬರ್ತಾನೆ, ದುಡ್ಡು ಕೊಡೋದ್ ಬೇಡ.

ಹಳೇ ಗಾಡಿ ವ್ಯಾಪಾರ (ಹಾಸನ)

ನಾನು ಬ್ರೋಕರ್, ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಮೀಟರ್ ತಿರುಗ್ಸೋರು ಇದಾರೆ, ಇಲ್ಲ ಅನ್ನಲ್ಲ, ಅವರಿಂದ ನಮ್ಮಂಥೋರಿಗೂ ಕೆಟ್ಟ ಹೆಸರು. ಗಿರಾಕಿಗಳಿಗೆ ಒಂದೇ ಮಾತು ಹೇಳ್ತೀನಿ, ನಾವು ಹೇಳೋದನ್ನೆಲ್ಲ ಬರ್ಸ್ಕೊಳಿ. ಕಿ.ಮೀ ಎಷ್ಟು, ಆ್ಯಕ್ಸಿಡೆಂಟ್ ಆಗಿದೆಯಾ, ಹಿಂದೆ ಯೆಲ್ಲೋ ಬೋರ್ಡ್ ಆಗಿತ್ತಾ, ಲೋನ್ ಇದೆಯಾ, ಒಂದು ಹಾಳೇಲಿ ಬರ್ದು ಸಹಿ ಹಾಕ್ಸ್ಕೊಳಿ. ಸಹಿ ಹಾಕೋಕೆ ಹಿಂದೆಮುಂದೆ ನೋಡಿದ್ರೆ ಎದ್ದು ಬನ್ನಿ. ನಾನು ಹಾಕ್ಕೊಡ್ತೀನಿ. ಟ್ಯಾಕ್ಸಿ ಆಗಿದ್ದ ಗಾಡಿನ ವೈಟ್ ಬೋರ್ಡ್‌ಗೆ ಬದಲಾಯ್ಸಿ ಮಾರೋದು ತಪ್ಪಲ್ಲ, ಹೇಳದೆ ಮಾರೋದು ತಪ್ಪು. ಸಿಎನ್‌ಜಿ ಕಿಟ್ ಇದ್ರೆ ಆರ್‌ಸಿಲಿ ಸೇರ್ಸಿದಾರಾ, ಸಿಲಿಂಡರ್ ಟೆಸ್ಟ್ ಆಗಿದೆಯಾ ನೋಡಿ, ಮೂರು ವರ್ಷಕ್ಕೊಂದ್ಸಲ ಆಗ್ಬೇಕು.

ವರದಾ ದಂಡಿ

ನಿನ್ನೆ ಆ ಅಣ್ಣಾರ ಶಿಷ್ಯನ್ನ ಕರ್ಕೊಂಡ ಹೋಗಿದ್ವಿ ರೀ. ನಾವ್ ಹೋಗೂದ್ರಾಗ ಬಾನೆಟ್ ಸುಡಾಕತ್ತಿತ್ತು. ಟೈರ್ ಮ್ಯಾಲ ಎರಡಕ್ಕ 1416 ಇತ್ತು, ಇನ್ನೆರಡ ಬ್ಯಾರೆ ಕಂಪನಿವು. ಆ ಹುಡುಗ ಫೋನಿನ್ಯಾಗ ನಂಬರ್ ಹಾಕಿ ನೋಡಿದ್ರ ಬ್ಯಾಂಕಿನ ಸಾಲ ಇನ್ನ ಆರ್‌ಸಿ ಮ್ಯಾಲ ಐತಿ. ಸಾಲ ತೀರೇತಿ ಅಂತಾರ ಖರೆ, ಬ್ಯಾಂಕಿನ ಎನ್‌ಒಸಿ ಮತ್ತ ಆರ್‌ಸಿಯಿಂದ ಸಾಲ ತಗಸೂ ಫಾರ್ಮ್ 35 ಎರಡೂ ಇಲ್ಲ. ನಾ 1,10,000 ಕೇಳಿದೆ, 1,35,000ಕ್ಕ ಕಡಿಮಿ ಇಲ್ಲ ಅಂದ್ರು. ಅಪ್ಪಾರು ಗಾಡಿ ಒಳಗ ಒಂದ ಸಲ ಕುಂತ ನೋಡಿದ್ರು, ಇಳದ ಬಂದು ಬ್ಯಾರೆ ನೋಡೂಣ ತಗೋ ಅಂದ್ರು. ಬಿಟ್ಟ ಬಂದ್ವಿ.

ಈಗ ನಮ್ಮ ಸಾಲಿ ಹಿಂದಿನ ಹೆಡ್ ಮಾಸ್ತರ್ ಅವ್ರ ಗಾಡಿ ಕೊಡ್ತಾರಂತ, 2014ರ ವ್ಯಾಗನಾರ್, ಒಬ್ರ ಓನರ್, 2,10,000 ಹೇಳ್ಯಾರ. ಐವತ್ತ ಸಾವಿರ ಕಡಿಮಿ ಬೀಳತೈತಿ. ಶಿಕ್ಷಕರ ಸೊಸೈಟ್ಯಾಗ ಸಾಲ ಸಿಗತೈತ್ರಿ, ಆದ್ರ ಹೆದ್ರಿಕಿ.

ತುಂಗಾತೀರ

ಟೀಚರ್, ವಾರಕ್ಕೆ 1,800 ಬಾಡಿಗೆಗೆ ಕೊಡ್ತಿದೀರಲ್ಲ, ತಿಂಗಳಿಗೆ ಏಳೂವರೆ ಸಾವಿರದ ಮೇಲೆ. ಪೆಟ್ರೋಲ್ ಕಳೆದ್ರೂ ಸೊಸೈಟಿ ಕಂತು ಅದರಲ್ಲೇ ಹೋಗುತ್ತೆ ಅನ್ಸುತ್ತೆ, ಒಂದ್ಸಲ ಕೂಡಿಸಿ ನೋಡಿ. ಆದ್ರೆ ಸಾಲ ಕೇಳೋವಾಗ ಐವತ್ತಲ್ಲ, ಟ್ರಾನ್ಸ್‌ಫರ್ರು ಇನ್ಶೂರೆನ್ಸು ಮೊದಲ ಸರ್ವಿಸ್ಸು ಸೇರಿಸಿ ಎಂಬತ್ತು ಕೇಳಿ. ನಾನು ಆ ಲೆಕ್ಕ ಮಾಡದೇ ಹೋಗಿ ಕ್ಲಚ್ ಕೆಟ್ಟಾಗ ಬಡ್ಡಿಗೆ ಕೈಸಾಲ ಮಾಡ್ಬೇಕಾಯ್ತು.

ನಂಜನಗೂಡು ರೋಡ್ ಗ್ಯಾರೇಜ್

2014 ಅಂದ್ರೆ ಆರ್‌ಸಿ 2029ರವರೆಗೆ ಇರುತ್ತೆ, ಚೈನ್ ಇಂಜಿನ್ನು, ಬೆಲ್ಟ್ ಖರ್ಚಿಲ್ಲ. ಸರ್ವಿಸ್ ಬುಕ್ಕಿನ ಎಲ್ಲಾ ಪುಟ, ಟೈರ್ ಕೋಡು, ಪೆಡಲ್ ಮೂರೂ ಫೋಟೋ ಇಲ್ಲೇ ಹಾಕಿ ಅಕ್ಕಾವ್ರೇ, ನೋಡಿ ಹೇಳ್ತೀನಿ. ಹುಡುಗನ್ನೂ ಕಳಿಸ್ತೀನಿ.

ವರದಾ ದಂಡಿ

ಆತ್ರಿ ಅಣ್ಣಾರ. ನಾಳೆ ಸಾಲಿ ಬಿಟ್ಟ ಮ್ಯಾಲ ಹೋಗಿ ಫೋಟೋ ಹೊಡ್ದ ಹಾಕ್ತೀನಿ. ನಾವ್ ಬರೂತನ ಗಾಡಿ ಚಾಲೂ ಮಾಡಬ್ಯಾಡ್ರಿ ಅಂತ ಮಾಸ್ತರಿಗೆ ಈಗ ಫೋನ್ ಹಚ್ಚಿ ಹೇಳೀನಿ.